ಅಪ್ಪೆಹುಳಿಯ ತಲೆಗೆ ಕಟ್ಟಿದ್ದು

ಸಭಾಭವನದ ಆ ಕಲ್ಲುನೆಲವನ್ನು ಸುಟ್ಟವಳು ನಾನು. ಅಡುಗೆಯ ಮಾಬಲಣ್ಣ ಮಾಡಿದ ಮಾವಿನಮಿಡಿಯ ಅಪ್ಪೆಹುಳಿ ಅಲ್ಲ, ಬಡಿಸುವವರ ಕೈ ಜಾರಿದ್ದೂ ಅಲ್ಲ — ನಾನು, ಹಾಡಹಗಲಿನಲ್ಲಿ, ನನ್ನ ಕೈಯಾರೆ ಬ್ರಷ್ಷಿನಿಂದ ಆಸಿಡ್ ಬಳಿದು ಸುಟ್ಟೆ. ಆಮೇಲೆ ಆ ತಪ್ಪನ್ನು ಅವನ ಅಡುಗೆಯ ತಲೆಗೆ ಕಟ್ಟಿದೆ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡುತ್ತಿದ್ದೇನೆ. ಯಾಕೆಂದರೆ ಕೇಳಬೇಕಾದವರ ಎದುರು ನಿಂತು ಬಾಯಿಬಿಟ್ಟು ಹೇಳಿದರೂ ಅವರು ನಂಬಲಿಲ್ಲ. ತಪ್ಪು ಒಪ್ಪಿಕೊಳ್ಳುವುದು ಕಷ್ಟ ಎಂದು ಎಲ್ಲರೂ ಹೇಳುತ್ತಾರೆ; ಒಪ್ಪಿಕೊಂಡಿದ್ದನ್ನು ನಂಬಿಸುವುದು ಅದಕ್ಕಿಂತ ಕಷ್ಟ ಎಂದು ಯಾರೂ ಹೇಳಿರಲಿಲ್ಲ.

ನಾನು ಸಾಗರದವಳು. ಕೊಳೆ ಹಿಡಿದ, ಗುಳಿ ಬಿದ್ದ ಹಳೆಯ ಕಲ್ಲಿನ ನೆಲವನ್ನು ತೊಳೆದು, ಗುಳಿ ತುಂಬಿ, ಉಜ್ಜಿ ಮತ್ತೆ ಹೊಳಪಿಗೆ ತರುವುದು ನನ್ನ ಕೆಲಸ. ಶುರು ಮಾಡಿದವನು ಗಂಡ. ಅವನ ಸೊಂಟ ಹೋದ ಮೇಲೆ ಪಾಲಿಶ್ ಮಷೀನು ನನ್ನ ಕೈಗೆ ಬಂತು, ಫೋನು ಅವನ ಕೈಗೆ ಹೋಯಿತು. ಈ ಕಡೆ ತೀರ್ಥಹಳ್ಳಿ, ಆ ಕಡೆ ಬ್ಯಾಕೋಡು, ಮಧ್ಯದಲ್ಲಿ ಹೊಸನಗರ — ಎಲ್ಲ ಕಡೆ ನನಗೆ ಒಂದೇ ಹೆಸರು, ಕಲ್ಲು ಕುಸುಮಕ್ಕ. ಹೆಸರಿನ ಜೊತೆಗೆ ಎರಡು ಮಾತು ಸೇರಿಸುತ್ತಾರೆ. ಒಂದು, ಅವಳ ಬಾಯಿ ಜೋರು. ಇನ್ನೊಂದು, ಅವಳು ಸುಳ್ಳು ಹೇಳುವವಳಲ್ಲ. ಮೊದಲನೆಯದು ನಿಜ.

ಬಾಯಿ ಜೋರಾಗದೆ ಏನಾಗುತ್ತದೆ ಹೇಳಿ. ಈ ಕೆಲಸದಲ್ಲಿ ಕಲ್ಲು ನನಗೆ ಎಂದೂ ಕಾಟ ಕೊಟ್ಟಿಲ್ಲ, ಕಾಟ ಕೊಡುವವರು ಅದರ ಮೇಲೆ ಓಡಾಡುವವರು. ತೀರ್ಥಹಳ್ಳಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಜಗಲಿಗೆಲ್ಲ ನಿಂಬೆಹಣ್ಣು ಉಜ್ಜಿಟ್ಟು, "ಮೇಡಂ, ಇದು ನ್ಯಾಚುರಲ್, ಏನೂ ಆಗಲ್ಲ" ಎಂದು ನನಗೇ ಪಾಠ ಮಾಡಿದರು. ಮಾಸ್ತಿಕಟ್ಟೆಯಲ್ಲಿ ಒಬ್ಬಾಕೆ ಕಕ್ಕಸು ತೊಳೆಯುವ ಸೀಸೆಯನ್ನು ದೇವರ ಮನೆಯಲ್ಲಿ ಬಗ್ಗಿಸಿದ್ದಳು. ಬ್ಯಾಕೋಡಿನ ಹೋಮ್‌ಸ್ಟೇಯವನು ಸೋಡಾಪುಡಿ, ವಿನೆಗರ್ ಎರಡನ್ನೂ ಸುರಿದು, ನೊರೆ ಉಕ್ಕುವುದನ್ನು ವೀಡಿಯೋ ಮಾಡಿ ನನ್ನ ಗಂಡನಿಗೆ ಕಳಿಸಿದ್ದ. ಕಡಪ ಕಲ್ಲು, ಶಹಾಬಾದ್ ಕಲ್ಲು — ಎರಡೂ ಸುಣ್ಣದ ಜಾತಿಯವು. ಹುಳಿ ತಾಗಿದರೆ ಮೇಲಿನ ಪದರ ಕರಗಿ ಬೂದಿಯಂತೆ ಬೆಳ್ಳಗಾಗುತ್ತದೆ. ಆ ಬಿಳುಪು ಕೊಳೆಯಲ್ಲ, ತೊಳೆದರೆ ಹೋಗುವುದಿಲ್ಲ. ಕಲ್ಲನ್ನೇ ಉಜ್ಜಿ ಕೆಳಗಿಳಿಸಬೇಕು. ಇದನ್ನು ಹೇಳಿ ಹೇಳಿ ನನ್ನ ಗಂಟಲು ಹೋಗಿದೆ. "ಆಸಿಡ್ ಮುಟ್ಟಿದ್ರೆ ನಾನು ಬರಲ್ಲ" ಎಂದು ಫೋನಿನಲ್ಲೇ ಬೈಯುತ್ತೇನೆ. ಹಾಗೆ ಬೈಯುವಾಗಲೆಲ್ಲ ಗಂಡ ನನ್ನ ಮುಖ ನೋಡುತ್ತಾನೆ. ನಾನು ಮಾಡಿದ್ದು ಅವನೊಬ್ಬನಿಗೆ ಗೊತ್ತಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಸಾಗರದಿಂದ ವರದಮೂಲದ ದಿಕ್ಕಿಗೆ ಹೋಗುವ ದಾರಿಯಲ್ಲಿ ಒಂದು ಸಭಾಭವನವಿದೆ. ಹೆಸರು ಬೇಡ. ಸುತ್ತಲಿನ ಊರುಗಳ ಮದುವೆ, ಮುಂಜಿ, ವೈಕುಂಠ ಸಮಾರಾಧನೆ ಎಲ್ಲ ಅಲ್ಲೇ. ಟೇಬಲ್ ಊಟ ಎಲ್ಲ ಕಡೆ ಬಂದರೂ ಆ ಭವನದವರು ನೆಲದ ಪಂಕ್ತಿ ಬಿಟ್ಟಿರಲಿಲ್ಲ. ಕಪ್ಪು ಕಡಪ ಕಲ್ಲಿನ ಉದ್ದನೆಯ ಊಟದ ಮನೆ. ಜನ ಸಾಲಾಗಿ ಚಾಪೆಯ ಮೇಲೆ ಕೂತು ಎಲೆಯಲ್ಲಿ ಉಣ್ಣುವುದು ಆ ಭವನದ ಹೆಮ್ಮೆ. ಹೆಮ್ಮೆಗೆ ತಕ್ಕ ಹಾಗೆ ನೆಲವನ್ನು ನೋಡಿಕೊಂಡಿದ್ದರೆ ಸಾಕಿತ್ತು. ಎಣ್ಣೆ ಜಿಡ್ಡು, ತುಪ್ಪದ ಕಲೆ, ಪಾತ್ರೆ ಎಳೆದ ಗೀರು, ಗುಳಿಗಳಲ್ಲಿ ಯಾವ ಕಾಲದ ಪಾಯಸವೋ ಒಣಗಿ ಕೂತಿತ್ತು. ಅದರ ಮೇಲೆ, ನಾನು ಬರುವ ಮೊದಲು ಯಾರೋ ಪುಣ್ಯಾತ್ಮನಿಂದ ಕಲ್ಲಿನ ಸಂದುಗಳಿಗೆ ಹೊಸ ಸಿಮೆಂಟು ತುಂಬಿಸಿದ್ದರು. ಆ ಮಹಾರಾಯ ಸಂದಿಗಿಂತ ಹೆಚ್ಚು ಸಿಮೆಂಟನ್ನು ಕಲ್ಲಿಗೆ ಮೆತ್ತಿ, ಒರೆಸದೆ, ಒಣಗಿಸಿ ಹೋಗಿದ್ದ.

ಅದನ್ನು ಮಷೀನಿನಿಂದಲೇ ತೆಗೆಯಬೇಕು. ಒರಟು ಪ್ಯಾಡು, ಸಣ್ಣ ಪ್ಯಾಡು, ನೀರು, ಕೆಸರು, ಮತ್ತೆ ನೀರು — ತಾಳ್ಮೆಯ ಕೆಲಸ. ಆದರೆ ಭವನದವರು ಮದುವೆಯೊಂದನ್ನು ಒಪ್ಪಿಕೊಂಡು ಕೂತಿದ್ದರು. ಅಧ್ಯಕ್ಷರು ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು, "ಆಗ್ತದಲ್ಲ ಮೇಡಂ? ಆಗ್ತದಲ್ಲ?" ಎನ್ನುತ್ತಿದ್ದರು. ಆಗ ನಾನು ಕೆಲಸಕ್ಕೆ ಹೊಸಬಳು. ಹೆಂಗಸಿನಿಂದ ಆಗುವ ಕೆಲಸವೇ ಇದು ಎಂದು ಬೆನ್ನ ಹಿಂದೆ ಆಡಿಕೊಳ್ಳುವುದು ಕಿವಿಗೆ ಬೀಳುತ್ತಿತ್ತು. ಕೊನೆಗೊಂದು ದಿನ ಬೆಳಗ್ಗೆ ಪೇಟೆಗೆ ಹೋಗಿ ಆಸಿಡ್ ತಂದೆ.

ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ನೀರು ಬೆರೆಸಿ, ಸಂದಿನ ಉದ್ದಕ್ಕೆ ಮಾತ್ರ ಬಳಿದು, ತಕ್ಷಣ ತೊಳೆದರೆ ಸಿಮೆಂಟು ಹೋಗುತ್ತದೆ, ಕಲ್ಲು ಉಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಬಳಿದೆ. ಬುಸುಬುಸು ಎಂದಿತು. ತೊಳೆಯಲು ಪಂಪು ಹಾಕಿದರೆ ಕರೆಂಟಿಲ್ಲ. ಬಾವಿಗೆ ಓಡಿ ಸೇದಿ ತರುವಷ್ಟರಲ್ಲಿ — ಆ ಓಟ ಈಗಲೂ ಕಾಲಿಗೆ ನೆನಪಿದೆ — ಊಟದ ಮನೆಯ ಉದ್ದಕ್ಕೂ ಕಪ್ಪು ಕಲ್ಲಿನ ಮೇಲೆ ಬೆಳ್ಳನೆಯ ಪಟ್ಟೆಗಳು ಎದ್ದಿದ್ದವು. ಬೆರಳಿಟ್ಟರೆ ಹಿಟ್ಟಿನಂತೆ ಅಂಟಿತು.

ಅಧ್ಯಕ್ಷರನ್ನು ಕರೆದು, ಹಾಳು ಮಾಡಿದ್ದೇನೆ, ಮದುವೆಯನ್ನು ಬೇರೆ ಕಡೆ ಮಾಡಿಸಿ ಎಂದು ಹೇಳಬೇಕಿತ್ತು. ಅದರ ಬದಲು ಕೊಬ್ಬರಿ ಎಣ್ಣೆಗೆ ಮೇಣ ಕರಗಿಸಿ, ಕಾಡಿಗೆಯಂಥ ಕಪ್ಪು ಪುಡಿ ಬೆರೆಸಿ, ಬಟ್ಟೆಯಲ್ಲಿ ಅದ್ದಿ ಇಡೀ ನೆಲಕ್ಕೆ ತಿಕ್ಕಿದೆ. ಬಿಳಿ ಪಟ್ಟೆ ಮುಚ್ಚಿಹೋಯಿತು. ನೆಲ ಮಿರಮಿರ ಮಿಂಚಿತು. ಅಧ್ಯಕ್ಷರು ಬಗ್ಗಿ ತಮ್ಮ ಮುಖವನ್ನೇ ನೋಡಿಕೊಂಡು, "ಹೆಂಗಸಾದ್ರೂ ಗಟ್ಟಿಗಿತ್ತಿ" ಎಂದರು. ನನಗೆ ಖುಷಿಯಾಯಿತು. ನಾಚಿಕೆಯಾಗಬೇಕಾದ ಜಾಗದಲ್ಲಿ ಖುಷಿಯಾಯಿತು ಎಂಬುದನ್ನೂ ಬರೆದಿಡುತ್ತೇನೆ.

ಆ ಮದುವೆಯ ಅಡುಗೆ ಮಾಬಲಣ್ಣನದು. ಹೊಸನಗರದ ಕಡೆಯವನು, ನಮ್ಮ ಸೀಮೆಯಲ್ಲೆಲ್ಲ ಹೆಸರು ಮಾಡಿದ ಅಡುಗೆಯವನು. ಅದರಲ್ಲೂ ಅಪ್ಪೆಹುಳಿ. ಮಾವಿನ ಅಪ್ಪೆಮಿಡಿ ಬೇಯಿಸಿ ಹಿಂಡಿ, ನೀರಾಗಿ ಮಾಡಿ, ಇಂಗು ಮೆಣಸಿನ ಒಗ್ಗರಣೆ ಕೊಟ್ಟ ಆ ಹುಳಿಯನ್ನು ನಮ್ಮಲ್ಲಿ ಅನ್ನಕ್ಕೆ ಕಲಸುವವರಿಗಿಂತ ಲೋಟಕ್ಕೆ ಹಾಕಿಸಿಕೊಂಡು ಕುಡಿಯುವವರೇ ಹೆಚ್ಚು. ಮಾಬಲಣ್ಣನ ಅಪ್ಪೆಹುಳಿ ಇದೆಯೆಂದರೆ ಜನ ಹೋಳಿಗೆಯ ಲೆಕ್ಕ ಕಡಿಮೆ ಮಾಡಿ ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳುತ್ತಿದ್ದರು. ಪಂಕ್ತಿಯ ನಡುವೆ ಕೊಳಗ ಹಿಡಿದು ಅವನೇ ಬಡಿಸಲು ಬರುತ್ತಿದ್ದ. ಎರಡನೇ ಸಲ, ಮೂರನೇ ಸಲ ಕೇಳುವವರ ಮುಖ ನೋಡುವುದೇ ಅವನಿಗೆ ಸಂಭಾವನೆ.

ಮದುವೆಯ ಮರುದಿನ ಭವನದವರು ಬಿಸಿನೀರು, ಸೋಪು ಹಾಕಿ ನೆಲ ತೊಳೆದರು. ನನ್ನ ಎಣ್ಣೆ, ಮೇಣ, ಕಪ್ಪು ಎಲ್ಲ ಮೋರಿಗೆ ಹೋಯಿತು. ನನಗೆ ಫೋನು ಬಂತು. ಹೋಗಿ ನೋಡಿದರೆ ಅಧ್ಯಕ್ಷರು, ಸಮಿತಿಯ ನಾಲ್ಕಾರು ಜನ, ಪಾತ್ರೆ ಒಯ್ಯಲು ಬಂದಿದ್ದ ಮಾಬಲಣ್ಣ — ಎಲ್ಲರೂ ನೆಲ ನೋಡುತ್ತ ನಿಂತಿದ್ದರು. ಗೋಡೆಯಿಂದ ಗೋಡೆಗೆ ಬಿಳಿ ಗೆರೆಗಳು.

"ಇದೆಂತ ಮೇಡಂ ಇದು?" ಎಂದರು ಅಧ್ಯಕ್ಷರು.

ಆ ಕ್ಷಣ ನಾನು ನೋಡಿದ್ದು ಕಲ್ಲನ್ನಲ್ಲ, ಗೆರೆಗಳು ಹೋದ ದಿಕ್ಕನ್ನು. ಸಂದುಗಳ ಗುಂಟ ಹೋಗಿದ್ದವು. ಪಂಕ್ತಿಯ ಸಾಲುಗಳೂ ಅದೇ ಗುಂಟ. ಇಷ್ಟು ಸಾಕಾಯಿತು. ಬಾಯಿ ತಾನಾಗಿ ತೆರೆಯಿತು ಎಂದು ಬರೆಯಲಾರೆ, ನಾನೇ ತೆರೆದೆ.

"ಗೆರೆ ನೋಡಿ, ಎಲೆ ಹಾಕಿದ ಸಾಲಿನಲ್ಲೇ ಇದೆ. ಬಡಿಸುವಾಗ ಚೆಲ್ಲಿದ್ದು. ಅಪ್ಪೆಹುಳಿ ಕಲ್ಲನ್ನೂ ತಿನ್ನುತ್ತೆ."

ಇದರಲ್ಲಿ ಒಂದಕ್ಷರ ಸುಳ್ಳು ಹುಡುಕಿ, ಸಿಗುವುದಿಲ್ಲ. ಗೆರೆ ಆ ಸಾಲಿನಲ್ಲೇ ಇತ್ತು. ಬಡಿಸುವಾಗ ಒಂದಿಷ್ಟು ಚೆಲ್ಲಿಯೇ ಇರುತ್ತದೆ. ಹುಳಿ ಕಲ್ಲನ್ನು ತಿನ್ನುತ್ತದೆ — ಅಲ್ಲಲ್ಲಿ ಒಂದೊಂದು ಚುಕ್ಕೆಯಷ್ಟು. ಎಲ್ಲ ನಿಜಗಳನ್ನೂ ಜೋಡಿಸಿ ಒಂದು ಸುಳ್ಳು ಕಟ್ಟಿದ್ದೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಗೆ ಇಷ್ಟು ಶಿಸ್ತಾಗಿ ಮಾತಾಡಲು ಬರುತ್ತಿರಲಿಲ್ಲ.

ಮಾಬಲಣ್ಣ ಜಗಳಕ್ಕೆ ಬರುತ್ತಾನೆ ಎಂದುಕೊಂಡಿದ್ದೆ. ಬಂದಿದ್ದರೆ — ಒಂದು ಮಾತು ಎದುರಾಡಿದ್ದರೆ ನಾನು ಬಹುಶಃ ಮುಗ್ಗರಿಸುತ್ತಿದ್ದೆ. ಅವನು ಜಗಳವಾಡಲಿಲ್ಲ. ಕುಕ್ಕರಗಾಲಿನಲ್ಲಿ ಕೂತು ಬಿಳಿ ಗೆರೆಯ ಮೇಲೆ ಬೆರಳೆಳೆದು ನೋಡಿದ.

"ಹೌದು," ಎಂದ. "ಈ ಸಲದ ಮಿಡಿ ರಾಶಿ ಹುಳಿ ಇತ್ತು. ಎಂತ ಮಾಡದು, ಎನ್ನ ಕೈಯಿಂದ ಹಿಂಗಾತು."

ನನ್ನ ಸುಳ್ಳಿಗೆ ಅವನೇ ಸಾಕ್ಷಿ ತಂದುಕೊಟ್ಟ. ಇಂಥ ಮನುಷ್ಯನ ಮೇಲೆ ಸಿಟ್ಟು ಬರುತ್ತದೆಯೋ ಇಲ್ಲವೋ ಹೇಳಿ. ನನಗೆ ಬಂತು. ಇಷ್ಟು ಸುಲಭವಾಗಿ ಒಪ್ಪಿಕೊಳ್ಳುವುದು ಯಾಕೆ ಎಂದು ಅವನ ಮೇಲೆ ಒಳಗೊಳಗೇ ಸಿಡುಕಿದೆ. ನನ್ನ ಮೇಲೆ ಬರಬೇಕಾದ ಸಿಟ್ಟು ಆಗಲೂ ಅವನ ಮೇಲೇ ಹೋಯಿತು.

ಆಮೇಲೆ ಆದದ್ದನ್ನು ಕೇಳಿದರೆ ನೀವು ನಗಬಹುದು. ಭವನದ ಬಾಗಿಲಿಗೆ ಫಲಕ ಬಂತು: ಇಲ್ಲಿ ಅಪ್ಪೆಹುಳಿ ಬಡಿಸುವಂತಿಲ್ಲ. ಸಾಗರ ಸೀಮೆಯ ಮದುವೆ ಮನೆಯಲ್ಲಿ ಅಪ್ಪೆಹುಳಿಗೆ ನಿಷೇಧ. ಜನ ತಮಾಷೆ ಮಾಡಿದರು, ಗೊಣಗಿದರು, ಕೆಲವರು ಚೊಂಬಿನಲ್ಲಿ ಕದ್ದು ತಂದು ಕಾರಿನಲ್ಲಿ ಕೂತು ಕುಡಿದರು. ಒಂದೆರಡು ಮದುವೆಗಳಲ್ಲಿ ನನ್ನ ಪಕ್ಕ ಕೂತವರು, "ನೀವು ಹೇಳಿದ್ದಂತಲ್ಲ ಕುಸುಮಕ್ಕ? ನಮ್ಗೆ ಗೊತ್ತೇ ಇರ್ಲಿಲ್ಲ, ಎಷ್ಟು ತಿಳ್ಕೊಂಡಿದೀರಿ" ಎಂದಾಗ ನಾನು ಮಜ್ಜಿಗೆ ಬಡಿಸುವವನನ್ನು ಕೂಗಿ ಕರೆದೆ. ಹಾಳಾದ ನೆಲವನ್ನು ನಾನೇ ಮತ್ತೆ ಉಜ್ಜಿದೆ — ಈ ಸಲ ಸರಿಯಾಗಿ, ಆ ಬಿಳುಪಿನ ಆಳದವರೆಗೂ ಕಲ್ಲನ್ನು ಇಳಿಸಿ. ಚೆನ್ನಾಗಿ ಆಯಿತು. ಆ ನೆಲ ನೋಡಿಯೇ ನನಗೆ ಊರೂರಿನಿಂದ ಕೆಲಸ ಬಂತು.

ನಗು ಬರದ ಭಾಗ ಇದು. ಭವನದವರು ಬೇರೆ ಅಡುಗೆಯವರನ್ನು ಕರೆದರು. "ಮಾಬಲಣ್ಣನ ಹುಳಿ ಕಲ್ಲು ತಿಂದಿತಂತೆ" ಎಂಬ ಮಾತು ತಮಾಷೆಯಾಗಿ ಹುಟ್ಟಿ, ನಂಬಿಕೆಯಾಗಿ ಬೆಳೆಯಿತು. ಕಲ್ಲನ್ನೇ ತಿಂದದ್ದು ಹೊಟ್ಟೆಯನ್ನು ಬಿಟ್ಟೀತೇ ಎಂದು ಕೇಳುವವರೂ ಹುಟ್ಟಿಕೊಂಡರು. ಆದರೆ ಬೇರೆಯವರು ಕರೆಯದೆ ಹೋದದ್ದಕ್ಕಿಂತ ಹೆಚ್ಚಿನದನ್ನು ಅವನೇ ಮಾಡಿಕೊಂಡ. ಅಪ್ಪೆಹುಳಿ ಮಾಡುವುದನ್ನೇ ಬಿಟ್ಟ — ಆ ಭವನದಲ್ಲಿ ಮಾತ್ರವಲ್ಲ, ಎಲ್ಲೂ. ಕೇಳಿದವರಿಗೆ, "ಬ್ಯಾಡ, ಎನ್ನ ಕೈ ಸರಿ ಇಲ್ಲೆ" ಎನ್ನುತ್ತಿದ್ದನಂತೆ. ಯಾರ ಮನೆಯ ನೆಲ ಹಾಳಾಗಿದ್ದು ಕಂಡರೂ ಮಾತ್ರ ಅವನ ಬಾಯಲ್ಲಿ ನನ್ನ ಹೆಸರೇ. "ಕಲ್ಲು ಕುಸುಮಾನ್ನ ಕರೀರಿ. ಇದ್ದದ್ದನ್ನ ಇದ್ದಂಗೆ ಹೇಳ್ತು." ಅವನು ಕಳಿಸಿದ ಗಿರಾಕಿಗಳು ಇದನ್ನು ನನ್ನ ಮುಂದೆಯೇ ಹೇಳುತ್ತಿದ್ದರು. ನಾನು ಮಷೀನು ಜೋರಾಗಿ ಓಡಿಸುತ್ತಿದ್ದೆ.

ಹೀಗೇ ವರ್ಷಗಳು ಹೋದವು. ಹೋಗುತ್ತಲೇ ಇರುತ್ತಿದ್ದವೇನೋ — ಈ ಬೇಸಿಗೆಯಲ್ಲಿ ಮಾಬಲಣ್ಣ ಮಗಳ ಮದುವೆಗೆ ಕರೆಯಲು ಬರದಿದ್ದರೆ. ಹೆಂಡತಿ ಸರೋಜಕ್ಕ ತೀರಿಕೊಂಡ ಮೇಲೆ ಅವನು ಬಗ್ಗಿಹೋಗಿದ್ದಾನೆ. ಮದುವೆ ಅದೇ ಭವನದಲ್ಲಿ, ಗಂಡಿನ ಕಡೆಯವರಿಗೆ ಹತ್ತಿರ ಎಂದು. ನನ್ನ ಗಂಡ ಸುಮ್ಮನಿರಲಾರದೆ, ಮಗಳ ಮದುವೆಗೆ ಅಡುಗೆ ಯಾರದು ಎಂದು ಕೇಳಿದ.

"ಯಾರೋ ಶಿವಮೊಗ್ಗದವು," ಎಂದ ಮಾಬಲಣ್ಣ. "ಕೂಸು ಹಟ ಮಾಡ್ತಾ ಇದ್ದು. ಬೇರೆ ಎಂತೂ ಬ್ಯಾಡ ಅಪ್ಪ, ನಿನ್ನ ಅಪ್ಪೆಹುಳಿ ಒಂದು ಬೇಕು ಹೇಳ್ತು. ಆ ನೆಲದ ಮೇಲೆ ಹೆಂಗೆ ಮಾಡದು? ಒಂದು ಸಲ ಹಾಳು ಮಾಡಿದ್ದು ಸಾಲದಾ?"

ಹಾಗೆಂದು ಹೇಳಿ ನನ್ನ ಕಡೆ ತಿರುಗಿ, "ಅಲ್ದನೇ ಕುಸುಮಾ?" ಎಂದ. ಪರಿಣತಳೆಂದು ನನ್ನನ್ನೇ ಕೇಳುತ್ತಿದ್ದಾನೆ. ಮಗಳ ಮದುವೆಯಲ್ಲಿ ಮಗಳು ಕೇಳಿದ ಒಂದು ಲೋಟ ಹುಳಿ ಮಾಡಬಹುದೋ ಬಾರದೋ ಎಂದು — ನನ್ನನ್ನು. ನಾನು ಏನೋ ಗೊಣಗಿ ಕಾಫಿ ತರಲು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಹೇಳಿಬಿಡಬೇಕು ಎಂದುಕೊಂಡೆ. ಬಂದೆ, ಕಾಫಿ ಕೊಟ್ಟೆ, ಹೇಳಲಿಲ್ಲ.

ಮೊದಲು ಸಮಿತಿಗೆ ಹೇಳಿದೆ. ಅಲ್ಲಿ ಹೇಳುವುದು ಸುಲಭ ಎಂದಲ್ಲ — ಫಲಕ ಇಳಿಸಿಕೊಂಡೇ ಮಾಬಲಣ್ಣನ ಎದುರು ಹೋಗೋಣ, ಬರಿಗೈಯಲ್ಲಿ ಬೇಡ ಎಂಬ ಲೆಕ್ಕ. ಅಧ್ಯಕ್ಷರು ಈಗಲೂ ಅವರೇ. ನಿಂತು ಹೇಳಿದೆ: ಆ ನೆಲ ಸುಟ್ಟದ್ದು ನನ್ನ ಆಸಿಡ್, ಮಾಬಲಣ್ಣನದು ಏನೂ ತಪ್ಪಿಲ್ಲ, ಆವತ್ತು ನಾನು ಹೇಳಿದ್ದು ಸುಳ್ಳು. ಎಲ್ಲರೂ ಕೇಳಿಸಿಕೊಂಡರು. ಅಧ್ಯಕ್ಷರ ಕಣ್ಣು ತೇವವಾಯಿತು. ನಾನು ಎಂಥ ಬೈಗುಳಕ್ಕೂ ಸಿದ್ಧವಾಗಿ ನಿಂತೆ.

"ನಿಮ್ಮದು ದೊಡ್ಡ ಮನಸ್ಸು ಮೇಡಂ," ಎಂದರು ಅವರು. "ಪಾಪ, ಮಾಬಲಣ್ಣನ ಮಗಳ ಮದ್ವೆ ಅಂತ ನೀವು ಆ ತಪ್ಪು ನಿಮ್ಮ ತಲೆ ಮೇಲೆ ಹಾಕ್ಕೊಳಕ್ಕೆ ಬಂದ್ರಾ? ಈ ಕಾಲದಲ್ಲಿ ಯಾರು ಮಾಡ್ತಾರೆ?"

"ನಾನು ನಿಜ ಹೇಳ್ತಿದೀನಿ."

"ಗೊತ್ತು, ಗೊತ್ತು. ನೀವು ಆಸಿಡ್ ಮುಟ್ಟಿದೋರ ಮನೆಗೇ ಕಾಲಿಡಲ್ಲ ಅಂತ ಊರಿಗೇ ಗೊತ್ತು." ಪಕ್ಕದವರು ತಲೆಯಾಡಿಸಿದರು. "ಒಂದು ಕೆಲ್ಸ ಮಾಡಾಣ. ನಿಮ್ಮ ಮಾತಿಗೆ ಬೆಲೆ ಕೊಟ್ಟು ಆ ಒಂದು ಮದ್ವೆಗೆ ಅಪ್ಪೆಹುಳಿಗೆ ಒಪ್ಗೆ. ನಿಯಮ ನಿಯಮವೇ, ಅದು ಇರ್ಲಿ."

ಶಂಖದಿಂದ ಬಂದರೇ ತೀರ್ಥ ಎನ್ನುತ್ತಾರೆ. ಆವತ್ತು ನಾನು ಹೇಳಿದ ಸುಳ್ಳು ತೀರ್ಥವಾಯಿತು. ಈವತ್ತು ಅದೇ ಬಾಯಿ ನಿಜ ಹೇಳಿದರೆ ದೊಡ್ಡ ಮನಸ್ಸಾಯಿತು. ಇನ್ನೆರಡು ಸಲ ಹೇಳಿದೆ. ಮೇಜು ಗುದ್ದಿಯೂ ಹೇಳಿದೆ. ಅವರು ಇನ್ನಷ್ಟು ಮೆಚ್ಚಿದರು. ಕೊನೆಗೆ ಚಪ್ಪಲಿ ಮೆಟ್ಟಿ ಹೊರಬಿದ್ದಾಗ ಬೆನ್ನ ಹಿಂದೆ ಯಾರೋ, ಇಂಥವರು ಇರುವುದಕ್ಕೇ ಮಳೆ ಬೆಳೆ ಆಗುತ್ತಿದೆ ಎಂದದ್ದು ಕೇಳಿಸಿತು. ಹಿಂದಿರುಗಿ ಹೋಗಿ ಆ ಮನುಷ್ಯನ ಜುಟ್ಟು ಹಿಡಿಯುವುದೊಂದು ಬಾಕಿಯಿತ್ತು.

ಅಲ್ಲಿಂದ ನೇರ ಹೊಸನಗರದ ಬಸ್ಸು ಹತ್ತಿದೆ. ಮಾಬಲಣ್ಣನ ಮನೆಯಲ್ಲಿ ಮದುವೆಯ ಗಡಿಬಿಡಿ, ಮಗಳು ಪೇಟೆಗೆ ಹೋಗಿದ್ದಳು. ಅವನು ಅಂಗಳದಲ್ಲಿ ಹೋಳಿಗೆಯ ಮಣೆ ತೊಳೆಯುತ್ತಿದ್ದ. ನನ್ನನ್ನು ಕಂಡವನೇ, "ಬಾ ಬಾ, ಆಸ್ರಿಗೆ ಎಂತ ಬೇಕು?" ಎಂದ. ಕುಡಿಯಲು ಏನೂ ಬೇಡ ಎಂದೆ. ಕೂರಲಿಲ್ಲ. ನಿಂತೇ ಹೇಳಿದೆ — ಆಸಿಡ್, ಕರೆಂಟು ಹೋದದ್ದು, ಎಣ್ಣೆ, ಮೇಣ, ಕಪ್ಪು ಪುಡಿ, ಆಮೇಲೆ ನಾನಾಡಿದ ಮಾತು. ಸಮಿತಿಯಲ್ಲಿ ಆದದ್ದನ್ನೂ ಹೇಳಿದೆ. ಅದನ್ನು ಹೇಳುವಾಗ ನನ್ನ ಸಿಟ್ಟು ಎಷ್ಟಿತ್ತೆಂದರೆ, ತಪ್ಪು ಮಾಡಿದವರು ಅವರೇ ಎಂಬಂತೆ ಕೇಳಿಸಿರಬೇಕು. ಅದು ಅರಿವಾಗಿ ಬಾಯಿ ಮುಚ್ಚಿದೆ.

ಅವನು ನಂಬಿದ. ಒಂದೇ ಸಲಕ್ಕೆ ನಂಬಿದ. ಮಣೆಯನ್ನು ಗೋಡೆಗೆ ಒರಗಿಸಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು, ಮೆಟ್ಟಿಲ ಮೇಲೆ ಕೂತ. ಬೈದಾನು, ಎದ್ದು ಒಳಗೆ ಹೋದಾನು ಎಂದೆಲ್ಲ ನಾನು ಕಾದೆ.

"ಸರೋಜ ಹೇಳ್ತಾ ಇತ್ತು," ಎಂದ ಕೊನೆಗೆ. "ನಿಂಗಳ ಹುಳಿ ಅಲ್ಲ, ಅಷ್ಟು ಉದ್ದ ಗೆರೆ ಚೆಲ್ಲಿದ್ರೆ ಕೊಳಗದಲ್ಲಿ ಎಂತ ಉಳಿತಿತ್ತು, ಅದು ಬೇರೆ ಎಂತದೋ ಹೇಳಿ. ಪ್ರತಿ ಬೇಸಿಗೆ ಹೇಳ್ತಾ ಇತ್ತು. ನಾ ಬೈದಿ. ಕುಸುಮ ಸುಳ್ಳು ಹೇಳ್ತಿಲ್ಲೆ, ನೀ ಸುಮ್ನಿರು ಹೇಳಿ ಬೈದಿ. ಸಾಯ ಮುಂಚೆನೂ ಒಂದ್ಸಲ ಹೇಳ್ತು. ಆವಾಗ್ಲೂ ಬೈದಿ."

ಅವನ ಅಡುಗೆಯನ್ನು ಕೆಡಿಸಿದೆ, ಹೆಸರನ್ನು ಕೆಡಿಸಿದೆ ಎಂದಷ್ಟೇ ನಾನು ಇಷ್ಟು ವರ್ಷ ಲೆಕ್ಕ ಹಾಕಿದ್ದೆ. ಅವನನ್ನು ನಂಬಿದ ಒಬ್ಬಳೇ ಒಬ್ಬಳನ್ನು ಅವನ ಕೈಯಿಂದಲೇ ಸುಮ್ಮನಾಗಿಸಿದ್ದೆ, ಅದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿರಲಿಲ್ಲ ಎಂಬುದನ್ನು ನೆಪವಾಗಿ ಬರೆಯುತ್ತಿಲ್ಲ. ಸುಳ್ಳು ಹೇಳಿದವರಿಗೆ ಅದು ಯಾರ ಮನೆಯೊಳಗೆ ಹೋಗಿ ಕೂತಿದೆ ಎಂದು ಗೊತ್ತಿರುವುದೇ ಇಲ್ಲ.

ಕ್ಷಮಿಸು ಎಂದೆ. ಅವನು ಮೆಟ್ಟಿಲಿಂದ ಎದ್ದ. ಗೇಟಿನವರೆಗೂ ಜೊತೆಗೆ ಬಂದ. ಬಂದವರನ್ನು ಬೀಳ್ಕೊಡದೆ ಕಳಿಸುವವನಲ್ಲ. ಗೇಟಿನಲ್ಲಿ ನಿಂತು ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿದ.

"ಕುಸುಮಾ, ನೀ ಮದ್ವೆಗೆ ಬಪ್ಪದು ಬ್ಯಾಡ."

ನಮ್ಮ ಕಡೆ ಮುನಿದ ದಾಯಾದಿಯನ್ನೂ ಮದುವೆಗೆ ಕರೆಯುತ್ತಾರೆ. ಕರೆದವರನ್ನು ಬರಬೇಡ ಎಂದದ್ದನ್ನು ನಾನು ನನ್ನ ಜನ್ಮದಲ್ಲಿ ಕೇಳಿಲ್ಲ. ಆಯಿತು ಎಂದೆ, ಬಸ್ಸು ಹತ್ತಿದೆ.

ಮದುವೆ ಬರುವ ಗುರುವಾರ. ನಾನು ಹೋಗುವುದಿಲ್ಲ. ಕುಸುಮಕ್ಕ ಯಾಕೆ ಬರಲಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಕೇಳಿದವರಿಗೆಲ್ಲ, ಒಬ್ಬರನ್ನೂ ಬಿಡದೆ, ಅವರು ನಂಬುವವರೆಗೆ, ಕಾರಣ ಹೇಳುತ್ತೇನೆ.